ಪೈಥಾನ್‌ನಲ್ಲಿ ಒಂದು ಪುಟ್ಟ ಮೆನು: ಎಲಿಫ್ ಏಣಿಯೇ ಸಾಕಾ, ಡಿಕ್ಷನರಿ ಬೇಕಾ, ಮ್ಯಾಚ್ ಹಿಡಿಯೋದಾ?

ಪಕ್ಕದ ಬೀದಿಯ ಹುಡುಗ ಡಿಪ್ಲೊಮಾ ಎರಡನೇ ವರ್ಷದಲ್ಲಿದ್ದಾನೆ. ಅವರಮ್ಮ ಎರಡು ಹಸು ಕಟ್ಟಿಕೊಂಡು ಹನ್ನೊಂದು ಮನೆಗೆ ಹಾಲು ಹಾಕುತ್ತಾರೆ. ಅಮ್ಮನ ಲೆಕ್ಕಕ್ಕೆ ಅಂತ ಅವನು ಪೈಥಾನ್‌ನಲ್ಲಿ ಒಂದು ಪ್ರೋಗ್ರಾಂ ಬರೆದಿದ್ದ. ಕಪ್ಪು ಪರದೆಯ ಮೇಲೆ ಆರು ಸಾಲು ಬರುತ್ತವೆ, ಒಂದು ನಂಬರ್ ಒತ್ತಬೇಕು, ಅಷ್ಟೇ.

```
1. ಇವತ್ತಿನ ಹಾಲು ಬರೆ
2. ತಿಂಗಳ ಲೆಕ್ಕ ನೋಡು
3. ದುಡ್ಡು ಬಂತು
4. ಮನೆ ಸೇರಿಸು
5. ಮನೆ ತೆಗೆ
6. ಮುಗಿಸು
```

ಎರಡು ತಿಂಗಳು ಚೆನ್ನಾಗೇ ಓಡಿತು. ಆಮೇಲೆ ಅವರಮ್ಮ "ಹಾಲು ಬೇಡ ಅಂದ ದಿನಾನೂ ಬರ್ಕೋಬೇಕಲ್ವೇನೋ" ಅಂದರು. ಹುಡುಗ ಮೂರನೇ ಸಾಲಾಗಿ "ಹಾಲು ಬೇಡ ಅಂದ ದಿನ" ಅಂತ ತುರುಕಿದ. ಪರದೆಯ ಮೇಲೆ ಉಳಿದ ಸಾಲುಗಳನ್ನು ಒಂದೊಂದು ನಂಬರ್ ಕೆಳಗೆ ತಳ್ಳಿದ. ಕೆಳಗೆ, ಇದಲ್ಲದಿದ್ದರೆ ಇದಾ ಅಂತ ಒಂದೊಂದೇ ನಂಬರ್ ಕೇಳುವ ಎಲಿಫ್‌ಗಳ ಸಾಲಿನಲ್ಲಿ ಹೊಸದನ್ನು 3 ಮಾಡಿದ, ದುಡ್ಡಿನದನ್ನು 4 ಮಾಡಿದ. ಅಷ್ಟರಲ್ಲಿ ಫೋನ್ ಬಂತೋ ಊಟಕ್ಕೆ ಕರೆದರೋ, ಉಳಿದವು ಹಾಗೇ ಉಳಿದವು.

ಈಗ ಪರದೆಯ ಮೇಲೆ 5 ಅಂದರೆ "ಮನೆ ಸೇರಿಸು", ಕೋಡ್‌ನಲ್ಲಿ 5 ಅಂದರೆ "ಮನೆ ತೆಗೆ". ಮೂಲೆ ಮನೆಗೆ ಹೊಸ ಬಾಡಿಗೆಯವರು ಬಂದರು. ಅವರಮ್ಮ 5 ಒತ್ತಿದರು. "ಮನೆ ಹೆಸರು?" ಅಂತ ಕೇಳಿತು. "ಮೂಲೆ ಮನೆ" ಅಂತ ಹೊಡೆದರು. ಹಳೇ ಬಾಡಿಗೆಯವರ ಹೆಸರೂ ಅದೇ ಆಗಿತ್ತು. ಹದಿನೆಂಟು ದಿನದ ಲೆಕ್ಕ ಒಂದೇ ಏಟಿಗೆ ಮಾಯ. ಗೋಡೆ ಕ್ಯಾಲೆಂಡರ್‌ನಲ್ಲಿ ಪೆನ್ಸಿಲ್ ಗೀಟು ಹಾಕುವ ಅಭ್ಯಾಸ ಅವರು ಬಿಟ್ಟಿರಲಿಲ್ಲ, ಅದರಿಂದ ಬಚಾವ್.

"ಅಕ್ಕ, ಇದನ್ನ ಸರಿಯಾಗಿ ಬರೆಯೋದು ಹೇಗೆ? ಒಬ್ಬರು ಡಿಕ್ಷನರಿ ಅಂತಾರೆ, ಒಬ್ಬರು ಮ್ಯಾಚ್ ಅಂತಾರೆ, ಇನ್ನೊಬ್ಬರು ಕ್ಲಾಸ್ ಮಾಡು ಅಂತಾರೆ" ಅಂತ ಅವನು ಲ್ಯಾಪ್‌ಟಾಪ್ ಹಿಡಿದು ಬಂದ. ಆವತ್ತು ಕೂತು ಒಂದೊಂದನ್ನೂ ಇದೇ ಹಾಲಿನ ಲೆಕ್ಕದ ಮೇಲೆ ಹಾಕಿ ನೋಡಿದೆವು. ಇಲ್ಲಿರುವುದು ಅದೇ.

ಆರಿಸೋ ಮುಂಚೆ: ಲೂಪ್ ಮತ್ತು ಇನ್‌ಪುಟ್

ಯಾವ ಬಗೆ ಚೆಂದ ಅನ್ನೋ ಜಗಳಕ್ಕೆ ಮೊದಲು ಎರಡು ವಿಷಯ ನೋಡಿಕೊಳ್ಳಬೇಕು. ಇವು ಕೆಟ್ಟಿದ್ದರೆ ಮೇಲೆ ಏನು ಹಾಕಿದರೂ ಕೆಟ್ಟೇ ಇರುತ್ತವೆ.

ಒಂದು, ಮೆನು ಮತ್ತೆ ಮತ್ತೆ ಬರುವುದು ಹೇಗೆ ಅನ್ನೋದು. ಇವನ ಕೋಡ್‌ನಲ್ಲಿ ಪ್ರತಿ ಫಂಕ್ಷನ್‌ನ ಕೊನೇ ಸಾಲು ಮೆನು ಫಂಕ್ಷನ್ನನ್ನೇ ಕರೆಯುತ್ತಿತ್ತು. ಹಾಲು ಬರೆದಾಯ್ತು, ಮೆನು ಕರೆ. ಲೆಕ್ಕ ನೋಡಾಯ್ತು, ಮೆನು ಕರೆ. ನೋಡಲು ವಾಪಸ್ ಹೋದಂತೆ ಕಾಣುತ್ತದೆ. ನಿಜವಾಗಿ ಯಾರೂ ವಾಪಸ್ ಹೋಗಿಲ್ಲ. ಒಂದರೊಳಗೊಂದು ಫಂಕ್ಷನ್ ಕಾಯುತ್ತಾ ಕೂತಿರುತ್ತದೆ. ಪೈಥಾನ್ ಇಂಥ ಕರೆಗಳ ಆಳಕ್ಕೆ 1000ದ ಮಿತಿ ಇಟ್ಟಿರುತ್ತದೆ. ಒಂದು ಸುತ್ತಿಗೆ ಎರಡು ಕರೆ ಅಂತ ಹಿಡಿದರೆ, ಸುಮಾರು ಐನೂರನೇ ಸಲ ಮೆನು ಬರುವಷ್ಟರಲ್ಲಿ ರಿಕರ್ಷನ್ ಎರರ್ ಕೊಟ್ಟು ಬೀಳುತ್ತದೆ. ಹಾಲಿನ ಲೆಕ್ಕಕ್ಕೆ ದಿನಕ್ಕೆ ಇಪ್ಪತ್ತು ಸಲ ಒತ್ತಿದರೂ ಜಾಸ್ತಿ, ಆದ್ದರಿಂದ ಯಾರಿಗೂ ಗೊತ್ತಾಗಿರಲಿಲ್ಲ. ಇನ್ನೊಂದು ತಮಾಷೆ ಮಾತ್ರ ಗೊತ್ತಾಗಿತ್ತು. ಮೆನು ಫಂಕ್ಷನ್ ಒಳಗೆ ಒಂದು ವೈಲ್ ಲೂಪ್ ಕೂಡ ಇತ್ತು. ಹಾಗಾಗಿ "ಮುಗಿಸು" ಅಂದರೆ ಒಳಗಿನ ಲೂಪ್ ಮಾತ್ರ ಮುಗಿಯುತ್ತಿತ್ತು, ಹೊರಗಿನದು ಮತ್ತೆ ಮೆನು ತೋರಿಸುತ್ತಿತ್ತು. "ನಾಲ್ಕೈದು ಸಲ 6 ಒತ್ತಬೇಕು ಕಣಕ್ಕ, ಆಮೇಲೆ ಹೋಗುತ್ತೆ" ಅಂದರು ಅವರಮ್ಮ. ಅದು ಹಾಗೇ ಇರುವುದು ಅಂತ ಅವರು ಒಪ್ಪಿಕೊಂಡುಬಿಟ್ಟಿದ್ದರು.

ಇದಕ್ಕೆ ಮದ್ದು ಸುಲಭ. ಇಡೀ ಪ್ರೋಗ್ರಾಂಗೆ ಒಂದೇ ವೈಲ್ ಲೂಪ್ ಇರಲಿ. ಕೆಲಸದ ಫಂಕ್ಷನ್‌ಗಳು ತಮ್ಮ ಕೆಲಸ ಮುಗಿಸಿ ಸುಮ್ನೆ ರಿಟರ್ನ್ ಆಗಲಿ. ಮೆನು ಅಂತ ಒಂದಿದೆ ಅನ್ನೋದೇ ಅವಕ್ಕೆ ಗೊತ್ತಿರಬಾರದು.

ಎರಡು, ಬಂದ ಇನ್‌ಪುಟ್ಟನ್ನು ನಂಬುವುದು ಎಷ್ಟು ಅನ್ನೋದು. ಪೈಥಾನ್ 3ರಲ್ಲಿ ಇನ್‌ಪುಟ್ ಫಂಕ್ಷನ್ ಯಾವಾಗಲೂ ಸ್ಟ್ರಿಂಗ್ (ಅಕ್ಷರಗಳ ಸರ) ಕೊಡುತ್ತದೆ. 5 ಒತ್ತಿ ಸ್ಪೇಸ್ ಬಾರ್ ತಾಗಿಸಿದರೆ ಅದು ಬರೀ 5 ಅಲ್ಲ, 5 ಮತ್ತು ಒಂದು ಖಾಲಿ ಜಾಗ. ಆದ್ದರಿಂದ ಓದಿದ ತಕ್ಷಣ, ಆಚೀಚೆಯ ಖಾಲಿ ಜಾಗ ಕತ್ತರಿಸುವ ಸ್ಟ್ರಿಪ್ ಹಾಕಿ. ಅದನ್ನು ನಂಬರ್ ಮಾಡಲು ಹೊರಟರೆ, ಅಂಕಿಯಲ್ಲದ್ದು ಇದ್ದಾಗ ಬರುವ ವ್ಯಾಲ್ಯೂ ಎರರ್ ಹಿಡಿಯಬೇಕು. ಹಿಡಿಯುವಾಗ ಎಕ್ಸೆಪ್ಟ್ ಅಂತ ಬರೆದು ಬರೀ ಕೋಲನ್ ಇಟ್ಟು ಬಿಡಬೇಡಿ, ಎರರ್ ಹೆಸರು ಬರೆಯಿರಿ. ಹೆಸರಿಲ್ಲದ ಎಕ್ಸೆಪ್ಟ್ ಕಂಟ್ರೋಲ್-ಸಿ ಒತ್ತಿದ್ದನ್ನೂ ನುಂಗುತ್ತದೆ. ನೀವು ನಿಲ್ಲಿಸಲು ಒತ್ತುತ್ತೀರಿ, ಅದು "ತಪ್ಪು ಆಯ್ಕೆ, ಮತ್ತೆ ಒತ್ತಿ" ಅನ್ನುತ್ತದೆ. ಕೊನೆಗೆ ಕಿಟಕಿಯನ್ನೇ ಮುಚ್ಚಬೇಕಾಗುತ್ತದೆ.

ಇಲ್ಲಿ ನಮ್ಮವರಿಗೆ ಮಾತ್ರ ಸಿಗುವ ಒಂದು ವಿಷಯ ಇದೆ. ಕನ್ನಡ ಕೀಬೋರ್ಡ್‌ನಲ್ಲಿ ಯಾರಾದರೂ ೩ ಅಂತ ಒತ್ತಿದರೆ? ಪೈಥಾನ್‌ನ ಇಂಟ್ ಫಂಕ್ಷನ್‌ಗೆ ಕನ್ನಡ ಅಂಕಿ ಗೊತ್ತು. ೩ ಕೊಟ್ಟರೆ 3 ವಾಪಸ್ ಕೊಡುತ್ತದೆ. ಆದರೆ ಸ್ಟ್ರಿಂಗ್ ಆಗೇ ಹೋಲಿಸಿದರೆ "೩" ಬೇರೆ, "3" ಬೇರೆ. ಎರಡೂ ನಡೆಯಬೇಕು ಅಂದರೆ ಮೊದಲು ಇಂಟ್ ಮಾಡಿ, ಆಮೇಲೆ ಹೋಲಿಸಿ.

ಇಷ್ಟು ಮಾಡಿದ ಮೇಲೆ ಆಯ್ಕೆಗೆ ಬರೋಣ.

ಇಫ್-ಎಲಿಫ್ ಏಣಿ

ಇದನ್ನು ಬೈಯುವವರು ಜಾಸ್ತಿ. ನನಗೆ ಇದರ ಮೇಲೆ ಸಿಟ್ಟಿಲ್ಲ. ಮೂರು ನಾಲ್ಕು ಆಯ್ಕೆ, ಇನ್ನು ಸೇರುವುದಿಲ್ಲ ಅನ್ನೋ ಖಾತ್ರಿ ಇದ್ದರೆ ಏಣಿಗಿಂತ ಸಲೀಸಾದ್ದು ಇಲ್ಲ. ಮೇಲಿಂದ ಕೆಳಗೆ ಓದಿದರೆ ಅರ್ಥವಾಗುತ್ತದೆ. ನಿನ್ನೆ ಪೈಥಾನ್ ಶುರು ಮಾಡಿದವರಿಗೂ ಅರ್ಥವಾಗುತ್ತದೆ. ಒಂದು ಆಯ್ಕೆಗೆ ಇನ್ನೊಂದು ಷರತ್ತು ಸೇರಿಸಬೇಕಾದರೂ (ಖಾತೆ ಖಾಲಿ ಇದ್ದರೆ ಲೆಕ್ಕ ತೋರಿಸಬೇಡ, ಹೀಗೆ) ಅಲ್ಲೇ ಸೇರಿಸಬಹುದು.

ಏಣಿಯ ತೊಂದರೆ ಉದ್ದದ್ದಲ್ಲ. ಪರದೆಯ ಮೇಲಿನ ಸಾಲು ಒಂದು ಕಡೆ, ನಂಬರ್ ಇನ್ನೊಂದು ಕಡೆ ಇರುವುದು ತೊಂದರೆ. ಎರಡನ್ನೂ ಕೈಯಾರೆ ಹೊಂದಿಸುತ್ತಾ ಇರಬೇಕು. ಒಂದೇ ನಂಬರ್ ಎರಡು ಸಲ ಬಂದರೆ ಮೇಲಿನದೇ ನಡೆಯುತ್ತದೆ, ಕೆಳಗಿನದು ಇದ್ದೂ ಇಲ್ಲದಂತೆ. ಪೈಥಾನ್ ತುಟಿ ಬಿಚ್ಚುವುದಿಲ್ಲ. ಹುಡುಗನ ಕೋಡ್‌ನಲ್ಲಿ "ಮನೆ ಸೇರಿಸು" ಹಾಗೇ ಕಳೆದುಹೋಗಿತ್ತು. ಎರಡು 4 ಇದ್ದವು, ಮೊದಲನೆಯದು ದುಡ್ಡಿನದು.

ಏಣಿಯಲ್ಲೇ ಆಗುವ ಇನ್ನೊಂದು ತಪ್ಪು, ನೂರಕ್ಕೆ ನೂರು ಹೊಸಬರು ಒಮ್ಮೆ ಮಾಡಿಯೇ ತೀರುವಂಥದ್ದು: ಆಯ್ಕೆ "6" ಆಗಿದ್ದರೆ ಅಥವಾ "ಮುಗಿಸು" ಆಗಿದ್ದರೆ ಅಂತ ಹೇಳಲು, ಹೋಲಿಕೆಯನ್ನು ಒಂದೇ ಸಲ ಬರೆದು ಆರ್ ಹಾಕಿ "ಮುಗಿಸು" ಅಂತ ಸೇರಿಸುವುದು. ಖಾಲಿಯಲ್ಲದ ಸ್ಟ್ರಿಂಗ್ ಪೈಥಾನ್‌ಗೆ ಯಾವಾಗಲೂ ಟ್ರೂ. ಆ ಮೆಟ್ಟಿಲಿನವರೆಗೆ ಬಂದದ್ದು ಏನೇ ಆಗಿದ್ದರೂ ಪ್ರೋಗ್ರಾಂ ಮುಗಿಯುತ್ತದೆ. ಎರಡನ್ನೂ ಒಂದು ಟ್ಯೂಪಲ್‌ಗೆ ಹಾಕಿ ಇನ್ ಬಳಸಿ.

ಮ್ಯಾಚ್-ಕೇಸ್

"ಸಿ ಭಾಷೆಯಲ್ಲಿ ಸ್ವಿಚ್ ಇದೆ, ಪೈಥಾನ್‌ನಲ್ಲಿ ಯಾಕಿಲ್ಲ" ಅಂತ ಜನ ಕೇಳುತ್ತಲೇ ಬಂದಿದ್ದರು. 2001ರಲ್ಲೇ ಪೆಪ್ 275 ಅಂತ ಒಂದು ಪ್ರಸ್ತಾಪ ಬಂತು (ಪೈಥಾನ್ ಬದಲಿಸಲು ಬರೆಯುವ ಪ್ರಸ್ತಾಪಗಳಿಗೆ ಪೆಪ್ ಅನ್ನುತ್ತಾರೆ). 2006ರಲ್ಲಿ ಪೈಥಾನ್ ಕಟ್ಟಿದ ಗಿಡೋ ವಾನ್ ರೋಸಮ್ ಅವರೇ ಪೆಪ್ 3103 ಬರೆದರು. 2007ರ ಪೈಕಾನ್ (ಪೈಥಾನ್ ಬಳಗದ ಸಮ್ಮೇಳನ) ಭಾಷಣದಲ್ಲಿ ಕೈ ಎತ್ತಿಸಿ ಕೇಳಿದರೆ ಹೆಚ್ಚು ಜನಕ್ಕೆ ಬೇಕಿರಲಿಲ್ಲ. ತಮ್ಮ ಪ್ರಸ್ತಾಪವನ್ನು ತಾವೇ ತಳ್ಳಿಹಾಕಿದರು. ಕೊನೆಗೆ 2021ರ ಅಕ್ಟೋಬರ್‌ನಲ್ಲಿ ಪೈಥಾನ್ 3.10 ಜೊತೆ ಮ್ಯಾಚ್ ಬಂತು. ಆದರೆ ಬಂದದ್ದು ಸ್ವಿಚ್ ಅಲ್ಲ, ಅದಕ್ಕಿಂತ ದೊಡ್ಡ ಪ್ರಾಣಿ.

ನಂಬರ್ ಮೆನುಗೆ ಮ್ಯಾಚ್ ಹಾಕಿದರೆ ಏನು ಸಿಗುತ್ತದೆ? ಎಲಿಫ್ ಇದ್ದಲ್ಲಿ ಕೇಸ್ ಬರುತ್ತದೆ, ನೋಡಲು ಸ್ವಲ್ಪ ಚೊಕ್ಕ. "6" ಅಥವಾ "ಮುಗಿಸು" ಅಂತ ನಡುವೆ ಒಂದು ನೆಟ್ಟನೆ ಗೆರೆ ಹಾಕಿ ಬರೆಯಬಹುದು, ಅದು ನಿಜಕ್ಕೂ ಚೆಂದ. ಆದರೆ ಮೂಲ ರೋಗ ವಾಸಿಯಾಗಿಲ್ಲ. ಸಾಲು ಇನ್ನೂ ಒಂದು ಕಡೆ, ನಂಬರ್ ಇನ್ನೂ ಒಂದು ಕಡೆ. ಮೂಲೆ ಮನೆಯ ಲೆಕ್ಕ ಮ್ಯಾಚ್‌ನಲ್ಲೂ ಹೀಗೇ ಅಳಿಸಿಹೋಗುತ್ತಿತ್ತು.

ಜೊತೆಗೆ ಒಂದು ಹೊಸ ಗುಂಡಿ. ಮೇಲೆಲ್ಲೋ "ಮುಗಿಸು_ನಂಬರ್" ಅಂತ ಒಂದು ವೇರಿಯಬಲ್ ಇಟ್ಟು, ಕೇಸ್ ಮುಂದೆ ಆ ಹೆಸರು ಬರೆದರೆ ಮ್ಯಾಚ್ ಅದರ ಬೆಲೆಯನ್ನು ಹೋಲಿಸುವುದಿಲ್ಲ. ಏನು ಬಂದರೂ ಒಪ್ಪಿಕೊಂಡು, ಬಂದದ್ದನ್ನು ಆ ವೇರಿಯಬಲ್‌ಗೇ ತುಂಬಿಬಿಡುತ್ತದೆ. ಅದು ನಡುವೆ ಇದ್ದರೆ ಪೈಥಾನ್ ಸಿಂಟ್ಯಾಕ್ಸ್ ಎರರ್ ಕೊಟ್ಟು ಎಚ್ಚರಿಸುತ್ತದೆ. ಕೊನೇ ಕೇಸ್ ಆಗಿದ್ದರೆ ಅದೂ ಇಲ್ಲ. ಚುಕ್ಕಿ ಇರುವ ಹೆಸರು (ಎನಮ್‌ನ ಒಳಗಿನದು, ಹೀಗೆ) ಕೊಟ್ಟರೆ ಮಾತ್ರ ಬೆಲೆ ನೋಡುತ್ತದೆ.

ಹಾಗಾದರೆ ಮ್ಯಾಚ್ ಯಾವಾಗ? ಆಯ್ಕೆ ಬರೀ ನಂಬರ್ ಅಲ್ಲದೆ ಮಾತಿನ ಹಾಗಿದ್ದಾಗ. ಅವರಮ್ಮ "ಹಾಲು ಮೂಲೆಮನೆ 2" ಅಂತ ಒಂದೇ ಸಾಲು ಹೊಡೆದು ಎಂಟರ್ ಒತ್ತುವಂತಿದ್ದರೆ, ಅದನ್ನು ಪದಗಳಾಗಿ ಒಡೆದು, ಮೊದಲ ಪದ "ಹಾಲು" ಆಗಿ ಮುಂದೆ ಎರಡು ಪದ ಇದ್ದರೆ ಅವನ್ನು ಮನೆ, ಲೀಟರ್ ಅಂತ ಎತ್ತಿಕೋ ಅಂತ ಒಂದೇ ಸಾಲಿನಲ್ಲಿ ಹೇಳಬಹುದು. ಮ್ಯಾಚ್ ಕಲಿಸಲು ಪೈಥಾನ್‌ನವರೇ ಬರೆದ ಪೆಪ್ 636ರ ಪಾಠ ಇಂಥದ್ದೇ, ಆಜ್ಞೆಗಳನ್ನು ಹೊಡೆದು ಆಡುವ ಒಂದು ಆಟವನ್ನು ಉದಾಹರಣೆಯಾಗಿ ಇಟ್ಟುಕೊಂಡಿದೆ. ಅಲ್ಲಿ ಮ್ಯಾಚ್ ಮುಂದೆ ಏಣಿ ನಿಲ್ಲೋದಿಲ್ಲ. ಬರೀ ನಂಬರ್‌ಗೆ ಮಾತ್ರ ನಾನು ಹಾಕುವುದಿಲ್ಲ. ಕಾಲೇಜಿನ ಲ್ಯಾಬ್‌ನಲ್ಲಿ 3.8 ಇದ್ದರಂತೂ ಮಾತೇ ಇಲ್ಲ, ಓಡುವುದೇ ಇಲ್ಲ.

ಡಿಕ್ಷನರಿ

ನಾವು ಕೊನೆಗೆ ನಿಂತದ್ದು ಇಲ್ಲಿ. ಡಿಕ್ಷನರಿ ಅಂದರೆ ಒಂದೊಂದು ಕೀಲಿಗೆ (ಇಲ್ಲಿ ನಂಬರ್) ಒಂದೊಂದು ಬೆಲೆ ಜೋಡಿಸಿಟ್ಟ ಪಟ್ಟಿ. ಕೋಡ್ ನೋಡಿದರೆ ಯಾಕೆ ಅಂತ ತಿಳಿಯುತ್ತದೆ. ಹೆಸರುಗಳನ್ನು ಕನ್ನಡದಲ್ಲೇ ಇಟ್ಟಿದ್ದೇನೆ, ಪೈಥಾನ್ 3 ಇದನ್ನು ಒಪ್ಪುತ್ತದೆ. ಒತ್ತು ಬಾರದಂತೆ ಅಕ್ಷರ ಬಿಡಿಸಲು ನಾವು ಒತ್ತುವ ಆ ಕಾಣದ ಕೀ ಮಾತ್ರ ಹೆಸರಿನೊಳಗೆ ಬರಬಾರದು, ಬಂದರೆ ಎರರ್.

```
ಕೆಲಸಗಳು = {
    1: ("ಇವತ್ತಿನ ಹಾಲು ಬರೆ", ಹಾಲು_ಬರೆ),
    2: ("ತಿಂಗಳ ಲೆಕ್ಕ ನೋಡು", ಲೆಕ್ಕ_ನೋಡು),
    3: ("ದುಡ್ಡು ಬಂತು", ದುಡ್ಡು_ಬಂತು),
    4: ("ಮನೆ ಸೇರಿಸು", ಮನೆ_ಸೇರಿಸು),
    5: ("ಮನೆ ತೆಗೆ", ಮನೆ_ತೆಗೆ),
    6: ("ಮುಗಿಸು", ಮುಗಿಸು),
}
```

ನಂಬರ್, ಪರದೆಯ ಮೇಲಿನ ಸಾಲು, ಮಾಡುವ ಕೆಲಸ, ಮೂರೂ ಒಂದೇ ಸಾಲಿನಲ್ಲಿ ಅಕ್ಕಪಕ್ಕ ಕೂತಿವೆ. ಮೆನು ತೋರಿಸುವುದೂ ಇದನ್ನೇ ನೋಡಿ, ಕೆಲಸ ಹುಡುಕುವುದೂ ಇದನ್ನೇ ನೋಡಿ. ತೋರಿಸುವುದು ಒಂದು, ನಡೆಯುವುದು ಇನ್ನೊಂದು ಆಗಬೇಕೆಂದರೆ ಈಗ ಬೇಕಂತಲೇ ಆಗಬೇಕು. ಬರೆದ ಕ್ರಮದಲ್ಲೇ ಸಾಲುಗಳು ಬರುತ್ತವೆ. ಪೈಥಾನ್ 3.7ರಿಂದ ಡಿಕ್ಷನರಿ ಹಾಕಿದ ಕ್ರಮ ಉಳಿಸಿಕೊಳ್ಳುತ್ತದೆ ಅನ್ನೋದು ಭಾಷೆಯದೇ ಮಾತು.

ಆಯ್ಕೆ ಸಿಕ್ಕ ಮೇಲೆ ಮಾಡಬೇಕಾದದ್ದು ಎರಡೇ ಸಾಲು:

```
ಸಾಲು, ಕೆಲಸ = ಕೆಲಸಗಳು[ಆಯ್ಕೆ]
ಕೆಲಸ(ಖಾತೆ)
```

ಇದಕ್ಕೆ ಮುಂಚೆ ಆಯ್ಕೆ ಡಿಕ್ಷನರಿಯಲ್ಲಿ ಇದೆಯಾ ಅಂತ ಇನ್ ಹಾಕಿ ನೋಡಿ, ಇಲ್ಲದಿದ್ದರೆ "ಅಂಥ ನಂಬರ್ ಇಲ್ಲ" ಅಂತ ಹೇಳಿ ಲೂಪ್ ಮುಂದುವರಿಸಿ.

ಇಲ್ಲಿ ಕಾಲು ಜಾರುವ ಜಾಗಗಳೂ ಇವೆ. ಹುಡುಗ ಮೊದಲ ಸಲ ಬರೆದಾಗ ಪ್ರತಿ ಫಂಕ್ಷನ್ ಹೆಸರಿನ ಮುಂದೆ ಕಂಸ ಹಾಕಿದ್ದ. ಓಡಿಸಿದ. ಮೆನು ಬರುವ ಮೊದಲೇ ಪ್ರೋಗ್ರಾಂ ಹಾಲು ಎಷ್ಟು ಅಂತ ಕೇಳಿತು, ಆಮೇಲೆ ಲೆಕ್ಕ ತೋರಿಸಿತು, ಆಮೇಲೆ ಯಾರ ದುಡ್ಡು ಬಂತು ಅಂತ ಕೇಳಿತು. ಕಂಸ ಹಾಕಿದರೆ ಈಗಲೇ ಮಾಡು ಅಂತ ಅರ್ಥ. ಡಿಕ್ಷನರಿ ಕಟ್ಟುವಾಗಲೇ ಆರೂ ಕೆಲಸ ಒಂದರ ಹಿಂದೊಂದು ನಡೆದವು, ಡಿಕ್ಷನರಿಯಲ್ಲಿ ಉಳಿದದ್ದು ಬರೀ ನನ್ (ಏನೂ ಇಲ್ಲ ಅನ್ನೋದಕ್ಕೆ ಪೈಥಾನ್ ಇಟ್ಟ ಬೆಲೆ). ಕಂಸ ತೆಗೆದರೆ ಫಂಕ್ಷನ್ನೇ ಅಲ್ಲಿ ಕೂರುತ್ತದೆ, ಕರೆದಾಗ ಏಳುತ್ತದೆ. ಒಮ್ಮೆ ಹೀಗೆ ಪೆಟ್ಟು ತಿಂದರೆ ಮತ್ತೆ ಮರೆಯೋದಿಲ್ಲ, ಅದಕ್ಕೇ ನಾನು ಮೊದಲೇ ಹೇಳದೆ ಸುಮ್ಮನಿದ್ದೆ.

ಎಲ್ಲ ಫಂಕ್ಷನ್‌ಗಳೂ ಒಂದೇ ಥರ ಕರೆಯಿಸಿಕೊಳ್ಳಬೇಕು ಅನ್ನೋದು ಇನ್ನೊಂದು. ಇಲ್ಲಿ ಎಲ್ಲಕ್ಕೂ "ಖಾತೆ" ಒಂದನ್ನೇ ಕೊಡುತ್ತೇವೆ. ಅದರೊಳಗೆ ಎಲ್ಲ ಮನೆಯ ಲೆಕ್ಕ ಇದೆ. ಯಾವುದಕ್ಕೋ ಬೇರೆ ಏನೋ ಬೇಕು ಅಂದರೆ ಆ ಫಂಕ್ಷನ್ ಒಳಗೇ ಕೇಳಿಕೊಳ್ಳಲಿ. ಗ್ಲೋಬಲ್ ವೇರಿಯಬಲ್‌ಗಳನ್ನು ಕಿತ್ತುಹಾಕಲು ಇದೊಂದು ಒಳ್ಳೆ ನೆವ.

ಮತ್ತೆ, ಡಿಕ್ಷನರಿಯಿಂದ ಕರೆದ ಫಂಕ್ಷನ್ ಹೊರಗಿನ ಲೂಪ್ ನಿಲ್ಲಿಸಲಾರದು, ಬ್ರೇಕ್ ಅಲ್ಲಿಗೆ ಮುಟ್ಟುವುದಿಲ್ಲ. ನಾವು ಮಾಡಿದ್ದು ಹೀಗೆ: "ಮುಗಿಸು" ಫಂಕ್ಷನ್ ಖಾತೆಯನ್ನು ಫೈಲ್‌ಗೆ ಉಳಿಸಿ ಟ್ರೂ ರಿಟರ್ನ್ ಮಾಡುತ್ತದೆ, ಬೇರೆಯವು ಏನನ್ನೂ ರಿಟರ್ನ್ ಮಾಡುವುದಿಲ್ಲ. ಲೂಪ್ ಟ್ರೂ ಕಂಡರೆ ನಿಲ್ಲುತ್ತದೆ. ಫಂಕ್ಷನ್ ಒಳಗಿಂದಲೇ ಎಗ್ಸಿಟ್ ಹೊಡೆಯುವವರೂ ಇದ್ದಾರೆ. ಪುಟ್ಟ ಪ್ರೋಗ್ರಾಂಗೆ ನಡೆಯುತ್ತದೆ, ಆದರೆ ಆ ಫಂಕ್ಷನ್ನನ್ನು ಆಮೇಲೆ ಪರೀಕ್ಷೆ ಮಾಡುವುದು ಕಿರಿಕಿರಿ.

ಒಂದೇ ನಂಬರ್ ಎರಡು ಸಲ ಬರೆದರೆ ಇಲ್ಲೂ ಪೈಥಾನ್ ಸುಮ್ಮನಿರುತ್ತದೆ. ಏಣಿಯಲ್ಲಿ ಮೊದಲಿನದು ಗೆಲ್ಲುತ್ತದೆ, ಡಿಕ್ಷನರಿಯಲ್ಲಿ ಕೊನೆಯದು. ಆದರೆ ಇಲ್ಲಿ ಸೋತದ್ದು ಪರದೆಯ ಮೇಲೂ ಕಾಣಿಸುವುದಿಲ್ಲ. ಸಾಲೇ ಮಾಯವಾದರೆ ತಕ್ಷಣ ಕಣ್ಣಿಗೆ ಬೀಳುತ್ತದೆ, ಅಲ್ವಾ?

ಲಿಸ್ಟ್: ನಂಬರ್ ಕೂಡ ತಾನೇ ಹಾಕಿಕೊಳ್ಳಲಿ

"ಅಕ್ಕ, ನಂಬರ್ ಯಾಕೆ ಬರೀಬೇಕು? ಲಿಸ್ಟ್ ಮಾಡಿ ಎನ್ಯುಮರೇಟ್ ಹಾಕಿ 1ರಿಂದ ಶುರು ಮಾಡಿದ್ರೆ ಅದೇ ಎಣಿಸಿಕೊಳ್ಳುತ್ತೆ" ಅಂದ ಹುಡುಗ. ಸರಿಯಾದ ಮಾತೇ. ನಡುವೆ ಹೊಸ ಸಾಲು ತುರುಕಿದರೆ ಉಳಿದವು ತಾವೇ ಸರಿದು ಕೂರುತ್ತವೆ, ಸಾಲು ಮತ್ತು ಕೆಲಸ ಎಂದೂ ಬೇರೆಯಾಗುವುದಿಲ್ಲ. ಕೋಡ್ ಬರೆಯುವವರ ಕಡೆಯಿಂದ ನೋಡಿದರೆ ಡಿಕ್ಷನರಿಗಿಂತ ಒಂದು ಕೈ ಮೇಲು.

ಆದರೆ ಒತ್ತುವವರ ಕಡೆಯಿಂದ ನೋಡಿ. ಎರಡು ತಿಂಗಳಾದ ಮೇಲೆ ಅವರಮ್ಮ ಮೆನು ಓದುತ್ತಿರಲಿಲ್ಲ. ಬೆಳಗಿನ ಹಾಲು ಹಾಕಿ ಬಂದು, ಒದ್ದೆ ಕೈ ಸೆರಗಿಗೆ ಒರೆಸಿಕೊಂಡು, 1 ಒತ್ತುತ್ತಿದ್ದರು. ದುಡ್ಡು ಬಂದರೆ 3. ನಂಬರ್ ಬೆರಳಿಗೆ ಕೂತುಬಿಟ್ಟಿತ್ತು. ಲಿಸ್ಟ್‌ನ ನಡುವೆ ಒಂದು ಸಾಲು ಸೇರಿದರೆ ಕೋಡ್ ಸರಿಯಾಗೇ ಇರುತ್ತದೆ, ಬೆರಳು ತಪ್ಪುತ್ತದೆ. ತೊಂದರೆ ಕೋಡ್‌ನಿಂದ ಜಾರಿ ಅವರಮ್ಮನ ತಲೆಗೆ ಬಂತು, ಅಷ್ಟೇ.

ಹಾಗಾಗಿ ನನ್ನ ಲೆಕ್ಕ ಇದು. ದಿನಾ ಒತ್ತುವ ಕೆಲಸಗಳಿಗೆ ಡಿಕ್ಷನರಿ, ನಂಬರ್ ಗಟ್ಟಿಯಾಗಿ ನಿಂತಿರಲಿ. "ಯಾವ ಮನೆ?" ಅಂತ ಮನೆಗಳ ಪಟ್ಟಿ ತೋರಿಸುವ ಕಡೆ ಲಿಸ್ಟ್. ಅಲ್ಲಿ ಸಾಲುಗಳು ಹೇಗೂ ಬದಲಾಗುತ್ತಿರುತ್ತವೆ, ಜನ ಓದಿಯೇ ಒತ್ತುತ್ತಾರೆ. ಹೆಸರು ಹೊಡೆಸುವುದಕ್ಕಿಂತ ಪಟ್ಟಿಯಿಂದ ಆರಿಸುವುದು ಎಷ್ಟೋ ವಾಸಿ.

ಲಿಸ್ಟ್‌ನಲ್ಲಿ ಒಂದು ಸೊನ್ನೆಯ ಕಾಟ ಇದೆ. ಪರದೆಯಲ್ಲಿ 1ರಿಂದ ಎಣಿಸುತ್ತೇವೆ, ಲಿಸ್ಟ್ 0ಯಿಂದ ಎಣಿಸುತ್ತದೆ. ಆದ್ದರಿಂದ ಬಂದ ನಂಬರ್‌ನಲ್ಲಿ ಒಂದು ಕಳೆಯುತ್ತೇವೆ. ಯಾರಾದರೂ 0 ಒತ್ತಿದರೆ? 0ಯಲ್ಲಿ ಒಂದು ಕಳೆದರೆ ಮೈನಸ್ ಒಂದು. ಪೈಥಾನ್‌ನಲ್ಲಿ ಮೈನಸ್ ಒಂದು ಅಂದರೆ ಲಿಸ್ಟ್‌ನ ಕೊನೆಯದು. ಎರರ್ ಬರುವುದಿಲ್ಲ, ಕೊನೇ ಮನೆ ಆರಿಸಿಕೊಳ್ಳುತ್ತದೆ. ಇಂಡೆಕ್ಸ್ ಎರರ್ ಹಿಡಿದಿದ್ದೇನೆ, ಸಾಕು ಅಂದುಕೊಂಡವರು ಇಲ್ಲೇ ಬೀಳುತ್ತಾರೆ. ನಂಬರ್ 1ಕ್ಕೂ ಲಿಸ್ಟ್‌ನ ಉದ್ದಕ್ಕೂ ನಡುವೆ ಇದೆಯಾ ಅಂತ ಬಾಯಿಬಿಟ್ಟು ಕೇಳಲೇಬೇಕು.

ಕ್ಲಾಸ್, ಸಿಎಂಡಿ, ರೆಡಿಮೇಡ್ ಲೈಬ್ರರಿಗಳು

ಮೆನು ಅಂತ ಒಂದು ಕ್ಲಾಸ್, ಆಯ್ಕೆ ಅಂತ ಒಂದು ಕ್ಲಾಸ್ ಮಾಡಿ ಅನ್ನುವವರಿಗೆ ನನ್ನ ಪ್ರಶ್ನೆ ಒಂದೇ: ನಿಮ್ಮಲ್ಲಿ ಎಷ್ಟು ಮೆನು ಇವೆ? ಒಂದರೊಳಗೊಂದು ನಾಲ್ಕು ಮೆನು, ಪ್ರತಿಯೊಂದಕ್ಕೂ ತಲೆಬರಹ, ಹಿಂದೆ ಹೋಗುವ ದಾರಿ ಇದ್ದರೆ ಕ್ಲಾಸ್ ಮಾಡಿ. ಒಂದೇ ಮೆನುಗೆ ಕ್ಲಾಸ್ ಕಟ್ಟುವುದು ಒಂದು ಲೀಟರ್ ಹಾಲಿಗೆ ಟ್ಯಾಂಕರ್ ತಂದ ಹಾಗೆ.

ಪೈಥಾನ್ ಜೊತೆಗೇ ಬರುವ ಸಿಎಂಡಿ ಅನ್ನೋ ಮಾಡ್ಯೂಲ್ ಬಗ್ಗೆ ಜನಕ್ಕೆ ಅಷ್ಟಾಗಿ ಗೊತ್ತಿಲ್ಲ. ನಂಬರ್ ಬದಲು ಪದ ಹೊಡೆದು ಕೆಲಸ ಮಾಡಿಸುವ ಪ್ರೋಗ್ರಾಂಗೆ ಅದು ಚೆನ್ನಾಗಿದೆ. ಡೂ ಅಂತ ಶುರುವಾಗುವ ಮೆಥಡ್‌ಗಳನ್ನು ಬರೆದರೆ ಸಾಕು, ಲೂಪ್ ಅದೇ ನೋಡಿಕೊಳ್ಳುತ್ತದೆ, ಹೆಲ್ಪ್ ಕೂಡ ಡಾಕ್‌ಸ್ಟ್ರಿಂಗ್‌ನಿಂದ ತಾನೇ ಮಾಡಿಕೊಳ್ಳುತ್ತದೆ. ಆದರೆ ನಮ್ಮ ಹಾಲಿನ ಲೆಕ್ಕಕ್ಕೆ ಎರಡು ಕಾರಣಕ್ಕೆ ಬೇಡ ಅಂದೆವು. ಏನೂ ಹೊಡೆಯದೆ ಬರೀ ಎಂಟರ್ ಒತ್ತಿದರೆ ಅದು ಹಿಂದಿನ ಕೆಲಸವನ್ನೇ ಮತ್ತೆ ಮಾಡುತ್ತದೆ. ಅವರಮ್ಮ ಎಂಟರ್ ಎರಡು ಸಲ ಒತ್ತಿದರೆ ಒಂದು ಮನೆಗೆ ಎರಡು ಸಲ ಹಾಲು ಬರೆದಂತೆ. (ಎಂಪ್ಟಿಲೈನ್ ಅನ್ನೋ ಮೆಥಡ್ ನಾವೇ ಬರೆದು ಸುಮ್ಮನಿರಿಸಬಹುದು, ಆದರೆ ಅದು ಗೊತ್ತಿರಬೇಕಲ್ಲ.) ಇನ್ನೊಂದು, ಅದು ಪದ ಗುರುತಿಸಲು ಇಂಗ್ಲಿಷ್ ಅಕ್ಷರ, ಅಂಕಿ, ಅಂಡರ್‌ಸ್ಕೋರ್ ಮಾತ್ರ ನೋಡುತ್ತದೆ. ಅದನ್ನು ಹಾಗೇ ಬಿಟ್ಟರೆ, "ಹಾಲು" ಅಂತ ಹೊಡೆದದ್ದು ಅದಕ್ಕೆ ತಿಳಿಯುವುದಿಲ್ಲ.

ಬಾಣದ ಕೀ ಒತ್ತಿ ಮೇಲೆ ಕೆಳಗೆ ಹೋಗುವ ಮೆನು ಬೇಕು ಅಂದರೆ ಕ್ವೆಶ್ಚನರಿ, ಪ್ರಾಂಪ್ಟ್ ಟೂಲ್‌ಕಿಟ್ ಥರದ ಲೈಬ್ರರಿಗಳಿವೆ. ಪೈಥಾನ್‌ನದೇ ಕರ್ಸಸ್ ಕೂಡ ಇದೆ, ಆದರೆ ವಿಂಡೋಸ್‌ಗೆ ಬರುವ ಪೈಥಾನ್ ಜೊತೆ ಅದು ಇರುವುದಿಲ್ಲ. ಲೈಬ್ರರಿ ಹಾಕಿದರೆ ಅದನ್ನು ಇನ್‌ಸ್ಟಾಲ್ ಮಾಡಿಕೊಡುವ ಕೆಲಸವೂ ನಿಮ್ಮದೇ. ಊರಿನಲ್ಲಿರುವ ಹಳೇ ಲ್ಯಾಪ್‌ಟಾಪ್‌ಗೆ ಹಾಕಬೇಕಾದರೆ ಎರಡು ಸಲ ಯೋಚಿಸಿ. ಪ್ರೋಗ್ರಾಂ ಒಂದು ಕೆಲಸ ಮಾಡಿ ಮುಗಿಯುವಂಥದ್ದಾದರೆ ಮೆನುವೇ ಬೇಡ, ಆರ್ಗ್‌ಪಾರ್ಸ್ ಹಾಕಿ ಆಜ್ಞೆಯ ಜೊತೆಗೇ ಎಲ್ಲ ಕೊಟ್ಟುಬಿಡಿ.

ಯಾವುದು ಹಾಕಿದರೂ ಇದೊಂದು ಮಾಡಿ

ಕೇಳುವ ಭಾಗ ಮತ್ತು ಲೆಕ್ಕದ ಭಾಗ ಬೇರೆ ಬೇರೆ ಫಂಕ್ಷನ್‌ನಲ್ಲಿರಲಿ. ತಿಂಗಳ ಲೆಕ್ಕ ಮಾಡುವ ಫಂಕ್ಷನ್ ಖಾತೆ ಮತ್ತು ಮನೆ ಹೆಸರು ತೆಗೆದುಕೊಂಡು ಒಟ್ಟು ರಿಟರ್ನ್ ಮಾಡಲಿ. ಒಳಗೆ ಇನ್‌ಪುಟ್ ಬೇಡ, ಪ್ರಿಂಟ್ ಬೇಡ. ಆಗ ಮೆನು ತೆರೆಯದೆಯೇ ಲೆಕ್ಕ ಸರಿ ಇದೆಯಾ ಅಂತ ಹತ್ತು ಸಾಲಿನ ಪರೀಕ್ಷೆ ಬರೆಯಬಹುದು. ಏಣಿಯಿಂದ ಡಿಕ್ಷನರಿಗೆ ಹೋಗುವಾಗ ಮುಟ್ಟಬೇಕಾದ್ದೂ ಮೇಲಿನ ಪದರ ಮಾತ್ರ ಆಗಿರುತ್ತದೆ. ಇದನ್ನು ಮೊದಲು ಮಾಡಿಕೊಂಡಿದ್ದಕ್ಕೆ ನಮ್ಮ ಬದಲಾವಣೆ ಒಂದು ಸಂಜೆಯಲ್ಲಿ ಮುಗಿಯಿತು.

ಕನ್ನಡದಲ್ಲಿ ಮೆನು ತೋರಿಸುವವರಿಗೆ ಒಂದು ಮಾತು. ಸಾಲುಗಳನ್ನು ಅಂಕಣವಾಗಿ ಜೋಡಿಸಲು ಎಲ್‌ಜಸ್ಟ್ ಹಾಕಿದರೆ ಅಡ್ಡಾದಿಡ್ಡಿಯಾಗುತ್ತದೆ. "ಹಾಲು" ನಮಗೆ ಎರಡು ಅಕ್ಷರ, ಪೈಥಾನ್‌ಗೆ ಉದ್ದ 4. "ಲೆಕ್ಕ" ನಮಗೆ ಎರಡು, ಅದಕ್ಕೆ 5. ಹೆಸರು ಕೊನೆಗೆ ಬರಲಿ, ನಂಬರ್ ಮತ್ತು ರೂಪಾಯಿ ಮುಂದೆ ಬರಲಿ. ಜೋಡಿಸುವ ತಾಪತ್ರಯವೇ ತಪ್ಪುತ್ತದೆ.

ಕೊನೆಗೆ ಉಳಿದ ಮೆನು

ಹಳೇ ನಂಬರ್ ಯಾವುದನ್ನೂ ಬೇರೆ ಕೆಲಸಕ್ಕೆ ಕೊಡಬಾರದು ಅಂತ ಮಾಡಿಕೊಂಡೆವು. "ಹಾಲು ಬೇಡ ಅಂದ ದಿನ"ಕ್ಕೆ 7 ಸಿಕ್ಕಿತು. "ಮನೆ ತೆಗೆ"ಯನ್ನು "ಮನೆ ಸೇರಿಸು" ಪಕ್ಕದಿಂದ ಎತ್ತಿ 9ಕ್ಕೆ ಹಾಕಿದೆವು, ತೆಗೆಯುವ ಮುಂಚೆ ಆ ಮನೆಯ ಬಾಕಿ ತೋರಿಸಿ "ಹೌದು" ಅಂತ ಹೊಡೆಯಲು ಕೇಳುತ್ತದೆ. 5 ಖಾಲಿ ಬಿಟ್ಟೆವು. ಮುಗಿಸುವುದು 6ರಲ್ಲೇ ಉಳಿಯಿತು, ಆದರೆ ಡಿಕ್ಷನರಿಯಲ್ಲಿ ಕೊನೇ ಸಾಲಾಗಿ. ಪರದೆಯ ಮೇಲೆ ಈಗ 1, 2, 3, 4, 7, 9, 6 ಅಂತ ಬರುತ್ತದೆ.

"ಅಕ್ಕ, ಇದು ನೋಡೋಕೆ ಅಸಹ್ಯವಾಗಿದೆ. ಲ್ಯಾಬ್‌ನಲ್ಲಿ ತೋರಿಸಿದರೆ ನಗ್ತಾರೆ" ಅಂದ ಹುಡುಗ. ಅವರಮ್ಮನನ್ನು ಕರೆದು ಕೂರಿಸಿದೆವು. 1 ಒತ್ತಿ ಹನ್ನೊಂದು ಮನೆಯದೂ ಬರೆದರು, 3 ಒತ್ತಿ ಒಬ್ಬರ ದುಡ್ಡು ಹಾಕಿದರು, 6 ಒತ್ತಿದರು. ಪ್ರೋಗ್ರಾಂ ಒಂದೇ ಸಲಕ್ಕೆ ಮುಗಿಯಿತು. ಅವರು ಅಭ್ಯಾಸಕ್ಕೆ ಇನ್ನೂ ಮೂರು ಸಲ 6 ಒತ್ತಿದರು.